ಮೇಜಿನ ಕೆಳಗಿನ ಕಂಪ್ಯೂಟರು

ಸತ್ಯನಾರಾಯಣಪೇಟೆ, ಬಳ್ಳಾರಿ
9 ನವೆಂಬರ್ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೆಂಗದೀ? ಮೊಣಕಾಲಿನ ನೋವು ಕಡಿಮೆಯಾಯಿತೋ ಇಲ್ಲವೋ? ಸಿರುಗುಪ್ಪದ ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚುತ್ತಿದ್ದೀಯಾ, ಅಥವಾ ಅದನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೀಯಾ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ, ಅಂಗನವಾಡಿಯ ಮಗುವೊಂದಕ್ಕೆ ಕೆಮ್ಮು ಬಂದರೆ ಊರೆಲ್ಲ ಓಡಾಡುತ್ತೀ, ನಿನ್ನ ಕಾಲು ಬಾತರೆ 'ಅದೇನ್ ಮಹಾ' ಅನ್ನುತ್ತೀ. ನಿನ್ನ ಸಹಾಯಕಿ ಊರಮ್ಮನ ಸೊಸೆಗೆ ಹೆರಿಗೆಯಾಯಿತಂತೆ, ತಾಯಿ ಮಗು ಚೆನ್ನಾಗಿದ್ದಾರೆಂದು ಕೇಳಿ ಸಂತೋಷವಾಯಿತು. ನಿಮ್ಮ ಕಡೆ ಈಗ ಭತ್ತ ಹಣ್ಣಾಗಿರಬೇಕು, ಕೊಯ್ಲಿನ ಮಷೀನುಗಳು ಬಂದು ರಸ್ತೆ ತುಂಬಾ ನಿಂತಿರಬೇಕು. ನೋಡಿಕೊಂಡು ರಸ್ತೆ ದಾಟು. ಇಲ್ಲಿ ನಾವು ಕ್ಷೇಮ. ನಂದಿನಿ ಪುಟ್ಟಿಯನ್ನು ಕರೆದುಕೊಂಡು ಕುರುಗೋಡಿಗೆ ತವರಿಗೆ ಹೋಗಿದ್ದಾಳೆ, ಸಂಜೆಯ ಬಸ್ಸಿಗೆ ಬರುತ್ತಾಳೆ. ಬೆಳಿಗ್ಗೆ ಬೀದಿ ಕೊನೆಯ ಹೋಟೆಲಿನಿಂದ ವಗ್ಗಾಣಿ ಮಿರ್ಚಿ ತಂದಿದ್ದೆ, ಅರ್ಧ ತಿಂದು ಹಾಗೇ ಇಟ್ಟೆ. ನಾನು ಮಿರ್ಚಿ ಬಿಟ್ಟೆನೆಂದರೆ ಏನೋ ಆಗಿದೆ ಎಂದು ನಿನಗೆ ಗೊತ್ತಾಗಿಹೋಗುತ್ತದೆ. ಹೌದಕ್ಕಾ, ಆಗಿದೆ.

ಫೋನ್ ಇರುವಾಗ ಇವನೇನು ಕಾಗದ ಬರೆಯುತ್ತಾನೆ ಎಂದು ನಗಬೇಡ. ಈ ತಿಂಗಳಲ್ಲಿ ನಾಲ್ಕು ಸಲ ನಿನಗೆ ಫೋನ್ ಮಾಡಿದೆ. ನಾಲ್ಕು ಸಲವೂ ಬಾಯಿತನಕ ಬಂದದ್ದನ್ನು ನುಂಗಿಕೊಂಡು, ಕೋಳಿ ಮೊಟ್ಟೆ ಇಡುತ್ತಿದೆಯಾ ಎಂದು ಕೇಳಿ ಇಟ್ಟುಬಿಟ್ಟೆ. ಫೋನಿನಲ್ಲಿ ಹೇಳಿದರೆ ನೀನು ಪೂರ್ತಿ ಕೇಳುವವಳಲ್ಲ. ಮೊದಲ ಮಾತಿಗೇ 'ಹೋಗ್ಲಿ ಬಿಡೋ ಹುಲಿ' ಅನ್ನುತ್ತೀ, ನಾನೂ ಆಯಿತೆಂದು ಹಗುರಾಗಿ ಊಟಕ್ಕೆ ಕೂರುತ್ತೇನೆ. ಅಷ್ಟು ಸಲೀಸಾಗಿ ನಾನು ಪಾರಾಗಬಾರದು. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ, ಕೊನೆಯತನಕ ಓದಲೇಬೇಕು. ನಿನ್ನ ಅಸೈನ್‌ಮೆಂಟ್ ಎಲ್ಲಿ ಹೋಯಿತು ಎಂದು ನನಗೆ ಗೊತ್ತು ಅಕ್ಕಾ. ನೀನು ನಮ್ಮ ಆಫೀಸಿನ ಕಿಟಕಿಯ ಮುಂದೆ ಬಂದು ನಿಂತ ದಿನವೂ ಗೊತ್ತಿತ್ತು. ತಪ್ಪು ನಿನ್ನದಲ್ಲ, ನಮ್ಮ ಹಚ್ಚೊಳ್ಳಿಯ ನೆಟ್‌ವರ್ಕಿನದೂ ಅಲ್ಲ. ನನ್ನದು.

ಮೊದಲಿಂದ ಹೇಳುತ್ತೇನೆ. ಹಗರಿ ಮುಕ್ತ ವಿಶ್ವವಿದ್ಯಾಲಯದಲ್ಲಿ ನಾನು ಮಾಡುವ ಕೆಲಸವೇನೆಂದು ನೀನು ಊರಲ್ಲಿ ಎಲ್ಲರಿಗೂ 'ನನ್ ತಮ್ಮ ಕಂಪ್ಯೂಟರ್ ಸಾಹೇಬ' ಎಂದು ಹೇಳಿಕೊಂಡು ತಿರುಗುತ್ತೀಯಲ್ಲ, ನಾನು ಸಾಹೇಬನೂ ಅಲ್ಲ, ಸೊಪ್ಪೂ ಅಲ್ಲ. ವರ್ಷಕ್ಕೊಮ್ಮೆ ಮುಂದುವರಿಸುವ ಗುತ್ತಿಗೆಯ ನೌಕರ. ಪಾಠ, ಪರೀಕ್ಷೆ, ಅಸೈನ್‌ಮೆಂಟು ಎಲ್ಲ ನಡೆಯುವ ಆ ಪೋರ್ಟಲನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಪೋರ್ಟಲನ್ನು ನಾನು ಕಟ್ಟಿದ್ದೂ ಅಲ್ಲ. ಎಷ್ಟೋ ದೇಶದ ಕಾಲೇಜುಗಳು ಬಳಸುವ, ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಸಾಫ್ಟ್‌ವೇರ್ ಅದು. ಬಂದ ಹಾಗೇ ಇಟ್ಟುಕೊಂಡು, ಆಗಾಗ ಹೊಸ ಅಪ್‌ಡೇಟ್ ಹಾಕಿಕೊಂಡು ಹೋದರೆ ಅದರ ಪಾಡಿಗೆ ಅದು ನಡೆಯುತ್ತದೆ. ಆದರೆ ಬಂದ ಹಾಗೇ ಇಟ್ಟರೆ ನನ್ನನ್ನು ಕೇಳುವವರು ಯಾರು? ಒಬ್ಬ ಪ್ರೊಫೆಸರು ಬಂದು ಪಾಠ ತೆರೆದಾಗ ಗಂಟೆ ಬಾರಿಸಬೇಕು ಎಂದರು, ಸಂಜೆಯೊಳಗೆ ಬಾರಿಸಿದೆ. ಇನ್ನೊಬ್ಬರು ಮೊದಲ ಪುಟದಲ್ಲಿ ತಮ್ಮ ಫೋಟೋ ಬೇಕೆಂದರು, ಹಾಕಿದೆ. ಹಾಜರಾತಿಗೆ ಮೂರು ಬಣ್ಣ, ಹಬ್ಬಕ್ಕೆ ತೋರಣ, ಯಾರಿಗೂ ಇಲ್ಲ ಎನ್ನಲಿಲ್ಲ. ಎಲ್ಲವನ್ನೂ ಆ ಸಾಫ್ಟ್‌ವೇರಿನ ಹೊಟ್ಟೆಗೇ ಕೈ ಹಾಕಿ ಮಾಡಿದೆ, ಎಲ್ಲಿ ಏನು ಬದಲಿಸಿದೆ ಎಂದು ಒಂದು ಚೀಟಿಯಲ್ಲೂ ಬರೆದಿಡಲಿಲ್ಲ. ಸೋಮಾರಿತನ ಎಂದುಕೊಳ್ಳಬೇಡ, ಬೇಕಂತಲೇ ಬರೆಯಲಿಲ್ಲ. ಪ್ರತಿ ಮಾರ್ಚಿನಲ್ಲಿ ಗುತ್ತಿಗೆ ಮುಂದುವರಿಸುವ ಹೊತ್ತಿಗೆ 'ಹುಲಿಗೇಶ್ ಇಲ್ಲಂದ್ರ ನಡಿಯಂಗಿಲ್ಲ' ಎಂದು ಅವರು ಹೇಳಬೇಕಿತ್ತು. ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಕೊಂಬು ಬಂದಿತ್ತು.

ಅದರ ಜೊತೆಗೆ ಇನ್ನೊಂದು ಮಾಡಿದೆ, ನಿನ್ನ ಅಸೈನ್‌ಮೆಂಟ್ ತಿಂದದ್ದು ಅದೇ. ನಿಮ್ಮಂಥವರು ಕೈಯಲ್ಲಿ ಬರೆದ ಹಾಳೆಗಳ ಫೋಟೋ ತೆಗೆದು ಕಳಿಸುತ್ತೀರಲ್ಲ, ಆ ಫೋಟೋಗಳು ಬಹಳ ದೊಡ್ಡವು, ಪೋರ್ಟಲಿನ ಜಾಗ ಬೇಗ ತುಂಬುತ್ತಿತ್ತು. ಮೇಲಿನವರಿಗೆ ಹೇಳಿ ಜಾಗ ಹೆಚ್ಚಿಸಿಕೊಳ್ಳಬೇಕಿತ್ತು. ನಾನು ಕೌಲ್ ಬಜಾರಿನ ಹಳೇ ಸಾಮಾನಿನ ಅಂಗಡಿಯಿಂದ ಒಂದು ಕಂಪ್ಯೂಟರ್ ತಂದು, ನನ್ನ ಮೇಜಿನ ಕೆಳಗೆ ಇಟ್ಟು, ಬಂದ ಫೋಟೋಗಳೆಲ್ಲ ಮೊದಲು ಅದಕ್ಕೆ ಹೋಗಿ, ಅಲ್ಲಿ ಸಣ್ಣದಾಗಿ, ಆಮೇಲೆ ಪೋರ್ಟಲಿಗೆ ಸೇರುವ ಹಾಗೆ ಮಾಡಿದೆ. 'ಮುಟ್ಟಬೇಡಿ' ಎಂದು ಬರೆದು ಅಂಟಿಸಿದೆ, ಏಕೆ ಮುಟ್ಟಬಾರದು ಎಂದು ಬರೆಯಲಿಲ್ಲ. ಸಣ್ಣದು ಮಾಡಲು ಅದಕ್ಕೆ ನಾಲ್ಕೈದು ನಿಮಿಷ ಬೇಕಿತ್ತು, ಅಷ್ಟರಲ್ಲಿ ವಿದ್ಯಾರ್ಥಿಗಳು ಗಾಬರಿಯಾಗಿ 'ಬಂತೇನ್ರಿ ಸರ್, ಬಂತೇನ್ರಿ' ಎಂದು ಫೋನ್ ಮಾಡಿ ತಲೆ ತಿನ್ನುತ್ತಿದ್ದರು. ಆ ಫೋನುಗಳು ನಿಲ್ಲಲಿ ಎಂದು, ಗುಂಡಿ ಒತ್ತಿದ ತಕ್ಷಣವೇ 'ನಿಮ್ಮ ಉತ್ತರ ತಲುಪಿದೆ, ಶುಭವಾಗಲಿ' ಎಂದು ಕಮಲದ ಹೂವಿನ ಜೊತೆ ತೋರಿಸುವಂತೆ ಮಾಡಿದೆ. ಪೋರ್ಟಲಿಗೆ ತನ್ನದೇ ಒಂದು ಸಾಲಿತ್ತು, ನಿಜವಾಗಿ ತಲುಪಿದ ಮೇಲೆ ಮಾತ್ರ ತೋರಿಸುವಂಥದ್ದು. ಚೆಂದ ಇಲ್ಲವೆಂದು ಅದನ್ನು ತೆಗೆದುಹಾಕಿದೆ. ತಲುಪುವುದಕ್ಕೆ ಮೊದಲೇ ತಲುಪಿದೆ ಎಂದು ಹೇಳುವುದಕ್ಕೆ ಸುಳ್ಳು ಎನ್ನುತ್ತಾರೆ ಎಂದು ಆಗ ನನಗೆ ಅನ್ನಿಸಲೇ ಇಲ್ಲ ಅಕ್ಕಾ, ಎಲ್ಲರೂ ಹೂವು ಚೆನ್ನಾಗಿದೆ ಎಂದರು.

ಈ ಸಲದ ದಸರಾ ನೆನಪಿದೆಯಲ್ಲ. ಸೆಪ್ಟೆಂಬರ್ ಮೂವತ್ತಕ್ಕೆ ನಾನು ರಜೆ ಹಾಕಿ ನಿಮ್ಮೂರ ಬಸ್ಸು ಹತ್ತಿದ್ದೆ. ಸಿರುಗುಪ್ಪ ಇನ್ನೂ ಬಂದಿರಲಿಲ್ಲ, ನಮ್ಮ ಆಫೀಸಿನ ಜವಾನ ದುರುಗಣ್ಣನ ಫೋನ್ ಬಂತು. ನಿನಗೆ ಗೊತ್ತಲ್ಲ, ಆಯುಧಪೂಜೆ ಎಂದರೆ ನಮ್ಮಲ್ಲಿ ಎಲ್ಲ ಯಂತ್ರಗಳಿಗೂ ಅವತ್ತು ವಿಶ್ರಾಂತಿ. ಕಂಪ್ಯೂಟರುಗಳನ್ನು ಆರಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಹೂವು ಏರಿಸಿ, ರಜೆ ಮುಗಿಯುವತನಕ ಮುಟ್ಟುವುದಿಲ್ಲ. ದೊಡ್ಡ ಸರ್ವರು ಬೇರೆ ಕೋಣೆಯಲ್ಲಿದೆ, ಅದನ್ನು ಆರಿಸಬಾರದೆಂದು ಬಾಗಿಲ ಮೇಲೆ ಬರೆದಿರುವುದರಿಂದ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಪಾಪ ದುರುಗಣ್ಣ, ನನ್ನ ಚೀಟಿ ನೋಡಿ ಹೆದರಿ, 'ಸರ್, ನಿಮ್ ಟೇಬಲ್ ಕೆಳಗಿಂದು ಆರಿಸಲೇನ್ರಿ? ನಾಳಿಂದ ರಜಾ, ಇವತ್ತೇ ಪೂಜಿ ಮಾಡಬೇಕಾಗೈತಿ' ಎಂದು ಕೇಳಿದ. ಹಿಂದಿನ ವರ್ಷಗಳಲ್ಲಿ ಪೂಜೆಗೆ ನಾನೇ ಇರುತ್ತಿದ್ದೆ, ಅದಕ್ಕೆ ಮೇಲಿಂದ ಒಂದು ಹೂವು ಇಟ್ಟು ಆರಿಸದೆ ಬಿಡುತ್ತಿದ್ದೆ. ಈ ಸಲ ಬಸ್ಸಿನ ಗದ್ದಲ, ಕಿಟಕಿ ಪಕ್ಕದ ಗಾಳಿ, ಹಬ್ಬಕ್ಕೆ ಅಕ್ಕನ ಮನೆಗೆ ಹೋಗುವ ಖುಷಿ. 'ಆರಿಸಪ್ಪ, ಅದೂ ಒಂಚೂರು ಮಲಗಲಿ' ಎಂದು ನಕ್ಕು ಇಟ್ಟೆ. ನಾನೇ ಇಟ್ಟ ಯಂತ್ರ ಏನು ಮಾಡುತ್ತದೆ ಎಂಬುದು ಆ ಕ್ಷಣ ನನ್ನ ತಲೆಯಲ್ಲೇ ಇರಲಿಲ್ಲ. ತಲೆಯಲ್ಲಿ ಇಲ್ಲದಿದ್ದರೆ ಬೇರೆಲ್ಲೂ ಇರಲಿಲ್ಲ.

ಮುಂದಿನದು ನಿನ್ನ ಅಂಗಳದಲ್ಲೇ ನಡೆಯಿತು. ವಿಜಯದಶಮಿಯ ದಿನ ಬೆಳಿಗ್ಗೆ ನೀನು ಮೂವತ್ತೆರಡು ಹಾಳೆಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೊಂದಾಗಿ ಇಟ್ಟು, ಗಾಳಿಗೆ ಹಾರದಂತೆ ಮೂಲೆಗೆ ಲೋಟ ಇಟ್ಟು ಫೋಟೋ ತೆಗೆದೆ. ಏಳನೇ ಹಾಳೆಯ ಮೇಲೆ ಕೋಳಿಯ ನೆರಳು ಬಿದ್ದು ಮತ್ತೆ ತೆಗೆದೆ. ನಾನು ಕಟ್ಟೆಯ ಮೇಲೆ ಕೂತು ಮೂರನೇ ಹೋಳಿಗೆ ತಿನ್ನುತ್ತಾ ಗೇಲಿ ಮಾಡುತ್ತಿದ್ದೆ. ಭತ್ತದ ನಾಟಿಗೆ ಹೋಗುವ ತಾಯಂದಿರು ಹಾಲು ಕುಡಿಯುವ ಮಕ್ಕಳನ್ನು ಯಾರ ಕೈಲಿ ಬಿಡುತ್ತಾರೆ ಎಂಬುದರ ಬಗ್ಗೆ ನೀನು ಬರೆದಿದ್ದೆ. ನಡುವಿನ ಒಂದು ಪುಟವನ್ನು ಸುಮ್ಮನೆ ಕಣ್ಣಾಡಿಸಿದವನು ಹೋಳಿಗೆ ಬಿಟ್ಟು ಎರಡು ಪುಟ ಓದಿದೆ, ಅದನ್ನು ನಿನಗೆ ಹೇಳಲಿಲ್ಲ. ನೀನು ಗುಂಡಿ ಒತ್ತಿ ಫೋನನ್ನು ನನ್ನ ಮುಂದೆ ಹಿಡಿದೆ, 'ಬಂತೇನೋ ನೋಡು'. ಕಮಲದ ಹೂವು ಅರಳಿತ್ತು. 'ಬಂತು ಬಿಡಕ್ಕ, ನನ್ ಸಿಸ್ಟಮ್ ಅಂದ್ರ ಏನಂದ್ಕಂಡಿ! ಇನ್ನ ಆ ಫೋಟೋ ಎಲ್ಲಾ ಅಳಿಸಿ ಹಾಕು, ಫೋನ್ ತುಂಬೈತಿ' ಎಂದೆ. ನೀನು ನನ್ನ ಮಾತು ನಂಬಿ ಅಲ್ಲೇ ಅಳಿಸಿದೆ. ಸಂಜೆ ಬನ್ನಿ ಕೊಟ್ಟು 'ಬಂಗಾರದಂಗ ಇರೋಣೋ' ಎಂದು ನನ್ನ ಗಲ್ಲ ಮುಟ್ಟಿದೆ. ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ಆ ಯಂತ್ರ ಚೆಂಡುಹೂವಿನ ಮಾಲೆ ಹಾಕಿಕೊಂಡು ಮಲಗಿತ್ತು. ಅದು ಏಳುವುದನ್ನು ಕಾಯುತ್ತಿದ್ದ ಫೋಟೋಗಳನ್ನು ಒಂದು ದಿನದ ಮೇಲೆ ಜಾಗ ಸಾಲದೆಂದು ಅಳಿಸಿಹಾಕುವ ವ್ಯವಸ್ಥೆಯೂ ಇತ್ತು. ಅದನ್ನು ಮಾಡಿದವನೂ ನಾನೇ.

ಕೊನೆಯ ದಿನ ಅಕ್ಟೋಬರ್ ಐದು, ಭಾನುವಾರ. ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಮಾಲೆ ತೆಗೆದು ಯಂತ್ರ ಹಚ್ಚಿದೆ, ಹತ್ತೇ ನಿಮಿಷದಲ್ಲಿ ಏನಾಗಿದೆ ಎಂದು ಗೊತ್ತಾಯಿತು. ಹಬ್ಬದ ದಿನಗಳಲ್ಲಿ ಕಳಿಸಿದ ಅರವತ್ತಮೂರು ಜನರ ಹೆಸರಿನ ಮುಂದೆ ಏನೂ ಇರಲಿಲ್ಲ. ಆಗಲೇ ಎದ್ದು ಹೋಗಿ ನಮ್ಮ ನಿರ್ದೇಶಕರಾದ ಭೀಮರಾಜ ಸರ್ ಮುಂದೆ ನಿಂತು ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು, ಎಲ್ಲರಿಗೂ ಮತ್ತೆ ಕಳಿಸಿ ಎಂದು ಸಂದೇಶ ಹೋಗುತ್ತಿತ್ತು. ನಾನು ಮೇಜಿನ ಮುಂದೆ ಕೂತು ಚಹಾ ಕುಡಿದೆ. ಬುಧವಾರ ಮೀಟಿಂಗಿನಲ್ಲಿ ಅವರೇ ಕೇಳಿದರು, ಇಷ್ಟು ಜನ ಯಾಕೆ ಕಳಿಸಿಲ್ಲ ಎಂದು. 'ಹಳ್ಳಿ ಕಡೆ ನೆಟ್‌ವರ್ಕ್ ಅರ್ಧಕ್ಕ ನಿಂತಿರ್ತೈತ್ರಿ ಸರ್, ಬಟನ್ ಒತ್ತಿ ಆತು ಅಂತ ಬಿಟ್ಬಿಡ್ತಾರ' ಎಂದೆ. ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ಹಳ್ಳಿಯವರದು ತಪ್ಪು ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಹಚ್ಚೊಳ್ಳಿಯಲ್ಲಿ ಹುಟ್ಟಿದ ನನಗೆ. ಅರವತ್ತಮೂರೂ ಜನರಿಗೆ ಗೈರು ಎಂದು ಬಿತ್ತು. ಗೈರಾದವರಿಗೆ ಡಿಸೆಂಬರ್ ಪರೀಕ್ಷೆಯ ಹಾಲ್ ಟಿಕೆಟ್ ಬರುವುದಿಲ್ಲ. ಬೇರೆಯವರಿಗೆ ಅದು ಒಂದು ವರ್ಷದ ನಷ್ಟ. ನಿನಗೆ ಹಾಗಲ್ಲ. ಬರುವ ಮಾರ್ಚಿಗೆ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕುವ ವಯಸ್ಸು ನಿನಗೆ ಮುಗಿಯುತ್ತದೆ. ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದವಳು, ಆ ಒಂದು ಡಿಗ್ರಿಗಾಗಿ ಈ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದವಳು. ಹಿಡಿಸಿದವನೂ ನಾನೇ, 'ನಮ್ಮದೇ ಪೋರ್ಟಲ್ ಐತಿ, ನಾ ನೋಡ್ಕೊಂತೀನಿ' ಎಂದು.

ಅಕ್ಟೋಬರ್ ಹದಿನೇಳು, ಶುಕ್ರವಾರ. ನೀನು ಮೀಟಿಂಗಿಗೆ ಉಡುವ ಸೀರೆ ಉಟ್ಟು, ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದೆ. ಬರುವ ಮುಂಚೆ ನನಗೆ ಫೋನ್ ಮಾಡಲಿಲ್ಲ, ತಮ್ಮನ ಹೆಸರು ಹೇಳಿ ಒಳಗೆ ಬರಲಿಲ್ಲ. ಎಲ್ಲರ ಹಾಗೆ ಬಿಸಿಲಿನಲ್ಲಿ ಸಾಲಿನಲ್ಲಿ ನಿಂತೆ. ನಾನು ಒಳಗಿಂದ ನಿನ್ನನ್ನು ಮೊದಲೇ ನೋಡಿದ್ದೆ. ನನ್ನ ಹಿಂದೆ ಭೀಮರಾಜ ಸರ್ ನಿಂತಿದ್ದರು. ನೀನು ಕವರನ್ನು ಕಿಟಕಿಯೊಳಗೆ ಇಟ್ಟು, 'ನಾ ಕಳ್ಸೀನ್ರಿ, ಬಂದಿಲ್ಲಂತ ತೋರಿಸ್ತೈತ್ರಿ. ಬರದಿದ್ ಹಾಳಿ ಇಲ್ಲೇ ಅದಾವ, ಇವನ್ನಾದ್ರೂ ತಗೋರ್ರಿ' ಎಂದೆ. ನಾನು ಆ ಕವರನ್ನು ನಿನ್ನ ಕಡೆಗೆ ವಾಪಸು ತಳ್ಳಿದೆ. 'ನೆಟ್‌ವರ್ಕ್ ಪ್ರಾಬ್ಲಂ ಇರ್ತೈತ್ರೀ. ಕಾಗದದ ಮ್ಯಾಲ ತಗೊಳ್ಳಾಕ ರೂಲ್ಸ್ ಇಲ್ರೀ. ಮುಂದಿನ ವರ್ಷ ಹಾಕ್ರಿ' ಎಂದೆ, ಯಾರೋ ಗುರುತಿಲ್ಲದ ಹೆಂಗಸಿಗೆ ಹೇಳುವ ಹಾಗೆ. ನನ್ನ ನಾಲಿಗೆ ಅಲ್ಲೇ ಬಿದ್ದುಹೋಗಲಿಲ್ಲ ನೋಡು. ನೀನು ಒಂದು ಮಾತು ಅನ್ನಬಹುದಿತ್ತು, ನೀನೇ ನೋಡಿ ಬಂತು ಅಂದ್ಯಲ್ಲೋ ಎಂದು. ಅನ್ನಲಿಲ್ಲ. ನನ್ನನ್ನು ನೋಡಿದೆ, ನನ್ನ ಹಿಂದೆ ನಿಂತವರನ್ನು ನೋಡಿದೆ, ಕವರು ಎತ್ತಿಕೊಂಡೆ. 'ಆತು ಬಿಡ್ರಿ ಸರ್' ಎಂದು ಹೇಳಿ, ಕುಂಟುತ್ತಾ ಗೇಟಿನ ಕಡೆ ಹೋದೆ. ಥೂ, ನನ್ನ ಜನ್ಮಕ್ಕಿಷ್ಟು. ನಿನಗೆ ಒಂದು ಲೋಟ ನೀರು ಕೂಡ ಕೊಡಲಿಲ್ಲ.

ಆಮೇಲೆ ದೀಪಾವಳಿ ಬಂತು. ನೀನು ಬೈದು ಮಾತು ಬಿಟ್ಟಿದ್ದರೆ ನನಗೆ ಎಷ್ಟೋ ಚೆನ್ನಾಗಿರುತ್ತಿತ್ತು. ನೀನು ಬಸ್ಸಿನ ಕಂಡಕ್ಟರ್ ಎರ್ರಿಸ್ವಾಮಿಯ ಕೈಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಟ್ಟಿಗೆ ಒಂದು ಫ್ರಾಕು ಕಳಿಸಿದೆ. ಫೋನಿನಲ್ಲಿ ನಾನು ಅಸೈನ್‌ಮೆಂಟಿನ ಮಾತು ಎತ್ತುವ ಮೊದಲೇ ನೀನೇ, 'ನಂದೇ ಏನರ ತಪ್ಪಾಗಿರಬೇಕು ಬಿಡೋ, ವಯಸ್ಸಾತು, ಏನ್ ಒತ್ತೀನೋ ಏನೋ' ಎಂದೆ. ನನ್ನ ಎದುರಿಗೇ ಒತ್ತಿದವಳು, ನಾನೇ ನೋಡಿದವನು. ಇಬ್ಬರಿಗೂ ಗೊತ್ತಿದ್ದ ಸುಳ್ಳನ್ನು ನನಗಾಗಿ ನೀನು ಹೊತ್ತುಕೊಂಡೆ. ಆ ಹಾಳೆಗಳನ್ನೇನು ಮಾಡಿದೆ ಎಂದು ನಾನು ಕೇಳಿದರೆ 'ಹಿಂದ್ಗಡಿ ಖಾಲಿ ಐತಲ್ಲ, ಅಂಗನವಾಡಿಗೆ ಒಯ್ದೀನಿ, ಹುಡುಗ್ರು ಚಿತ್ರ ಬರೀತಾವ' ಎಂದು ನಕ್ಕೆ. ಅವತ್ತಿನಿಂದ ಆ ಸಜ್ಜೆ ರೊಟ್ಟಿಯನ್ನು ನಾನು ಮುಟ್ಟಲಿಲ್ಲ. ನಂದಿನಿ ಏನಾಗಿದೆ ಎಂದು ಕೇಳಿದಳು, ಹಲ್ಲುನೋವು ಎಂದೆ. ಒಂದು ಸುಳ್ಳಿಗೆ ಮನೆಯಲ್ಲೂ ಒಂದು ಸುಳ್ಳು ಸೇರಿತು.

ಈಗ ಸಂಘಮಿತ್ರಾಳ ವಿಷಯ ಹೇಳಬೇಕು. ಆಗಸ್ಟಿನಲ್ಲಿ ನನ್ನ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿ, ನಂದಿನಿಯ ತವರೂರು ಕುರುಗೋಡಿನವಳೇ, ದಿನಾ ಬಸ್ಸಿಗೆ ಬಂದು ಹೋಗುತ್ತಾಳೆ. ಬಂದ ದಿನದಿಂದ ಅವಳಿಗೆ ಒಂದೇ ಚಾಳಿ, ಬರೆದು ಕೊಡ್ರಿ ಸರ್, ಬರೆದು ಕೊಡ್ರಿ. ದೀಪಾವಳಿಯ ನಂತರ ಪೋರ್ಟಲಿಗೆ ಒಂದು ದೊಡ್ಡ ಅಪ್‌ಡೇಟ್ ಹಾಕಬೇಕಿತ್ತು, ಹಾಕದಿದ್ದರೆ ಯಾರಾದರೂ ಒಳನುಗ್ಗುವ ಅಪಾಯ ಎಂದು ಎಚ್ಚರಿಕೆ ಬಂದಿತ್ತು. ಅವಳು ಪ್ರಯತ್ನಿಸಿದಾಗಲೆಲ್ಲ ಒಂದಲ್ಲ ಒಂದು ಕಡೆ ಮುರಿಯಿತು, ಗಂಟೆ ಸರಿಯಾದರೆ ಬಣ್ಣ ಹೋಯಿತು, ಬಣ್ಣ ಬಂದರೆ ಪರೀಕ್ಷೆಯ ಪುಟವೇ ತೆರೆಯಲಿಲ್ಲ. 'ಯಾರು ಮಾಡ್ಯಾರ, ಯಾಕ ಮಾಡ್ಯಾರ ಅಂತ ಎಲ್ಲೂ ಬರದಿಲ್ರಿ ಸರ್. ನಾಳಿ ನೀವು ಜ್ವರ ಬಂದು ಮಲಗಿದ್ರ ನಾ ಯಾರ್ನ ಕೇಳ್ಬೇಕ್ರಿ?' ಎಂದಳು. ನಾನು ಅವಳ ಮೇಲೆ ರೇಗಿದೆ, ನೀನಿನ್ನೂ ಮೊನ್ನೆ ಬಂದವಳು ಎಂದೆಲ್ಲ ಕೂಗಾಡಿದೆ. ಅವಳು ತನ್ನ ಕೆಲಸಕ್ಕೆ ಹೋದಳು. ಮೊನ್ನೆ ಗುರುವಾರ ಫೋನಿನ ಟಾರ್ಚ್ ಹಿಡಿದು, ಗೋಡೆಗುಂಟ ಒಂದು ಕೇಬಲಿನ ಹಿಂದೆ ಬಂದು ಬಂದು, ಕೊನೆಗೆ ನನ್ನ ಕಾಲ ಹತ್ತಿರ ಮೇಜಿನ ಕೆಳಗೆ ಬಗ್ಗಿದಳು. ಆ ಯಂತ್ರದ ಹಣೆಯ ಮೇಲೆ ದಸರೆಯ ಕುಂಕುಮ ಇನ್ನೂ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ. ಒಂದು ಉದ್ದನೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಸಾಲು ಬರೆದು ನನ್ನ ಮುಂದಿಟ್ಟಳು. ಈ ಯಂತ್ರ ಏನು ಮಾಡುತ್ತದೆ? ಇದನ್ನು ಆರಿಸಿದರೆ ಏನಾಗುತ್ತದೆ?

ಮೊದಲನೆಯದಕ್ಕೆ ಅರ್ಧ ಪುಟ ಬರೆದೆ. ಎರಡನೆಯದಕ್ಕೆ ಪೆನ್ನು ಏಳಲಿಲ್ಲ. ಮೂರು ದಿನದಿಂದ ಆ ನೋಟ್‌ಬುಕ್ಕು ನನ್ನ ಚೀಲದಲ್ಲಿದೆ. ಏನಾಗುತ್ತದೆ ಎಂದು ಬರೆದರೆ ಏನಾಯಿತು ಎಂದೂ ಬರೆದ ಹಾಗೆ. ಅದರಲ್ಲಿ ಬರೆಯಲಾಗದೆ ಇವತ್ತು ನಿನಗೆ ಬರೆಯುತ್ತಿದ್ದೇನೆ.

ನಿನ್ನೆಯಿಂದ ನನಗೆ ಒಂದೇ ಸಮನೆ ನೆನಪಾಗುತ್ತಿರುವುದು ಅಪ್ಪನ ತೂಬಿನ ಗೋಡೆ. ನಾನಾಗ ಆರು ವರ್ಷದವನು, ನೀನು ಹದಿನಾಲ್ಕು. ಅಪ್ಪ ಕಾಲುವೆಯ ನೀರುಗಂಟಿ, ಹೊಲಹೊಲಕ್ಕೆ ಪಾಳಿಯ ಪ್ರಕಾರ ನೀರು ಬಿಡುವ ಕೆಲಸ. ಕಾಲುವೆಯ ಬಾಗಿಲು ಎತ್ತುವ ತೂಬಿನ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಎಲ್ಲ ಬರೆದಿಡುತ್ತಿದ್ದ, ಯಾವ ವಾರ ಯಾರ ಹೊಲ, ತಿರುಗಣಿ ಎಷ್ಟು ಸುತ್ತು, ಎಷ್ಟು ಹೊತ್ತಿಗೆ ಇಳಿಸಬೇಕು. ಕೀಲಿ ಪಕ್ಕದ ಬೇವಿನ ಮರಕ್ಕೆ ನೇತುಹಾಕಿರುತ್ತಿದ್ದ, ಮನೆಗೆ ತರುತ್ತಿರಲಿಲ್ಲ. ಜನ ನಗುತ್ತಿದ್ದರು, ಹೀಗೆ ಎಲ್ಲ ಬರೆದಿಟ್ಟರೆ ನಿನ್ನನ್ನು ಕೇಳುವವರು ಯಾರೋ ಪಕ್ಕೀರಪ್ಪ ಎಂದು. 'ನಾ ಇಲ್ಲಂದ್ರೂ ತೂಬು ಎತ್ತಾಕ ಬರಬೇಕಲ್ರಪ್ಪಾ' ಅನ್ನುತ್ತಿದ್ದ. ಆ ವರ್ಷ ಕಾಮಾಲೆ ಬಂದು ತಿಂಗಳು ಮಲಗಿದಾಗ, ನೀನು ಲಂಗ ಎತ್ತಿ ಕಟ್ಟಿಕೊಂಡು ಹೋಗಿ, ಗೋಡೆ ಓದಿ ಓದಿ ತೂಬು ಎತ್ತಿದೆ. ನಾನು ಹಿಂದೆ ಹಿಂದೆ ಬಂದು ಸುತ್ತು ಎಣಿಸುತ್ತಿದ್ದೆ. ಒಂದು ಗದ್ದೆಯೂ ಒಣಗಲಿಲ್ಲ, ಒಂದು ಜಗಳವೂ ಆಗಲಿಲ್ಲ. ನಿನ್ನ ಅಂಗನವಾಡಿಯ ಬೀರುವಿನ ಬಾಗಿಲ ಒಳಗಡೆ ಯಾವ ಡಬ್ಬಿಯಲ್ಲಿ ಏನಿದೆ, ಯಾವ ಮಗುವಿಗೆ ಏನು ಕೊಡಬಾರದು ಎಂದು ನೀನು ಅಂಟಿಸಿರುವ ಹಾಳೆ ನೋಡಿದರೆ ಅಪ್ಪನ ಗೋಡೆ ನೋಡಿದ ಹಾಗೇ ಇರುತ್ತದೆ. ನೀನು ತರಬೇತಿಗೆ ಹೋದಾಗ ಊರಮ್ಮ ಅದನ್ನು ಓದಿಕೊಂಡೇ ನಡೆಸುತ್ತಾಳೆ. ಅದೇ ಮನೆಯಲ್ಲಿ ಬೆಳೆದ ನಾನು ಎಲ್ಲವನ್ನೂ ಜೇಬಿನಲ್ಲಿಟ್ಟುಕೊಂಡೆ. ಇಷ್ಟು ಓದಿ ಕಲಿತದ್ದು ಇದನ್ನಾ ಎಂದು ಅಪ್ಪ ಇದ್ದಿದ್ದರೆ ಕೇಳುತ್ತಿದ್ದ.

ನಾಳೆ ಆಫೀಸಿಗೆ ಹೋಗಿ ಭೀಮರಾಜ ಸರ್‌ಗೆ ಹೇಳಬೇಕೆಂದಿದ್ದೇನೆ. ಹೇಳಿಯೇ ಹೇಳುತ್ತೇನೆ ಎಂದು ಬರೆಯಲು ಧೈರ್ಯವಿಲ್ಲ, ನನ್ನ ಮಾತನ್ನು ಒಮ್ಮೆ ನಂಬಿ ನೀನು ಫೋಟೋ ಅಳಿಸಿದ್ದೀಯ. ಗುತ್ತಿಗೆ ಹೋದರೆ ಮನೆ ಹೇಗೆ ನಡೆಯುತ್ತದೆ ಎಂಬ ಭಯ ಇದೆ. ಆದರೆ ನೀನು ಸರ್ ಎಂದದ್ದು ಅದಕ್ಕಿಂತ ಹೆಚ್ಚು ಕಾಡುತ್ತದೆ ಅಕ್ಕಾ. ಇದನ್ನು ಓದಿ ನಿನಗೆ ಸಿಟ್ಟು ಬರಲಿ. ದಯವಿಟ್ಟು ಈ ಸಲ ಹೋಗ್ಲಿ ಬಿಡು ಅನ್ನಬೇಡ.

ಮುಲಾಮು ಹಚ್ಚಿಕೋ. ಊರಮ್ಮನಿಗೂ ಅವಳ ಮೊಮ್ಮಗುವಿಗೂ ನಮ್ಮೆಲ್ಲರ ನೆನಪು ತಿಳಿಸು. ನೀನು ಕೊಟ್ಟ ಬನ್ನಿ ಎಲೆ ನನ್ನ ಪರ್ಸಿನಲ್ಲಿದೆ, ಒಣಗಿ ಪುಡಿಯಾಗಿದೆ, ಎಸೆಯಲು ಮನಸ್ಸಿಲ್ಲ. ನಿನ್ನ ಕಾಲು ಮುಟ್ಟಿ ನಮಸ್ಕರಿಸುವ,

ನಿನ್ನ ತಮ್ಮ,
ಹುಲಿಗೇಶ

ಮರೆತ ಮಾತು: ಮಂಗಳವಾರ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಎರ್ರಿಸ್ವಾಮಿ ಆಗಲೇ ಸೀಟಿ ಊದುತ್ತಿದ್ದಾನೆ. ನಿನ್ನೆ ಹೇಳಿದೆ ಅಕ್ಕಾ. ಎರಡನೇ ಪ್ರಶ್ನೆಗೆ ಉತ್ತರ ಬರೆದು ಆ ನೋಟ್‌ಬುಕ್ಕನ್ನೇ ಭೀಮರಾಜ ಸರ್ ಮುಂದಿಟ್ಟೆ. ಎರಡು ಸಲ ಓದಿದರು, ಕೂಗಾಡಲಿಲ್ಲ. ನನ್ನ ವಿಷಯ ಮಾರ್ಚಿನಲ್ಲಿ ನೋಡೋಣ ಎಂದಿದ್ದಾರೆ, ಏನಾಗುತ್ತದೋ ಗೊತ್ತಿಲ್ಲ. ಅರವತ್ತಮೂರು ಜನರ ಗೈರು ತಡೆಹಿಡಿದಿದ್ದಾರೆ. ಕೈಯಲ್ಲಿ ಬರೆದ ಮೂಲ ಹಾಳೆಗಳನ್ನು ಬರುವ ಸೋಮವಾರದಿಂದ ಬುಧವಾರದವರೆಗೆ, ಮೂರೇ ದಿನ, ಕಿಟಕಿಯಲ್ಲಿ ತೆಗೆದುಕೊಳ್ಳುತ್ತಾರೆ. ಎಲ್ಲರಿಗೂ ಸಂದೇಶ ಹೋಗಿದೆ, ನಿನಗೂ ಬಂದಿರುತ್ತದೆ, ಆದರೆ ಪೋರ್ಟಲಿನಿಂದ ಬಂದದ್ದನ್ನು ನೀನು ಇನ್ನು ನಂಬುತ್ತೀಯೋ ಇಲ್ಲವೋ. ಈ ಕಾಗದ ಸಿಕ್ಕಿದ ಕೂಡಲೇ ಅಂಗನವಾಡಿಗೆ ಹೋಗಿ ಆ ಮೂವತ್ತೆರಡು ಹಾಳೆ ಹುಡುಕಿ ತೆಗೆದಿಡು. ಹಿಂಬದಿಯಲ್ಲಿ ಮಕ್ಕಳು ಏನು ಗೀಚಿದ್ದರೂ ಪರವಾಗಿಲ್ಲ, ಕೇಳಿದ್ದೇನೆ, ಒಪ್ಪಿದ್ದಾರೆ. ಒಂದೆರಡು ಹರಿದಿದ್ದರೆ ಅಂಟಿಸಿ ತಾ. ಕಮಲದ ಹೂವು ತೆಗೆದುಹಾಕಿದ್ದೇವೆ. ಕಿಟಕಿಯ ಒಳಗೆ ಸಂಘಮಿತ್ರಾ ಇರುತ್ತಾಳೆ, ನಾನು ಇರುವುದಿಲ್ಲ. ನಾನು ಹೊರಗೆ ಸಾಲಿನಲ್ಲಿ ನಿನ್ನ ಪಕ್ಕ ನಿಂತಿರುತ್ತೇನೆ. ನೀನು ನನ್ನ ಅಕ್ಕ ಎಂದು ಅಲ್ಲಿ ಎಲ್ಲರಿಗೂ ಹೇಳಿದ್ದೇನೆ, ದುರುಗಣ್ಣ ಅತ್ತುಬಿಟ್ಟ. ಸರ್ ಅನ್ನಬೇಡ. ಬೈಯುವುದಿದ್ದರೆ ಅಲ್ಲೇ, ಎಲ್ಲರ ಎದುರಿಗೆ, ಲೇ ಹುಲಿ ಎಂದು ಹೆಸರು ಹಿಡಿದು ಬೈ.